ಹೂ ಬಿಟ್ಟಾಗ ಬನ್ನಿ

ನಮ್ಮ ಮನೆ ಗೇಟಿನ ಪಕ್ಕ ಒಂದು ಮರ ಇದೆ. ಅದರ ಹೆಸರೇನು ಅಂತ ಆರು ವರ್ಷವಾದರೂ ನನಗೆ ಗೊತ್ತಾಗಿಲ್ಲ. ಮನೆಯಲ್ಲಿ ಗಿಡಮರ ಗುರುತಿಸುವ ಪುಸ್ತಕಗಳು ನಾಲ್ಕಿವೆ. ಹಾಗಾಗಿ ನಾಚಿಕೆ ಸ್ವಲ್ಪ ಜಾಸ್ತಿ.

ನಿಘಂಟಿನಲ್ಲಾದರೆ ಪದ ಹಿಡಿದುಕೊಂಡು ಹೋಗಿ ಅರ್ಥ ಹುಡುಕುತ್ತೇವೆ. ಇಲ್ಲಿ ಉಲ್ಟಾ. ಮರ ಕಣ್ಣೆದುರೇ ನಿಂತಿದೆ, ಬೇಕಾಗಿರುವುದು ಹೆಸರು. ಹೆಸರು ಗೊತ್ತಿದ್ದರೆ ನಾನ್ಯಾಕೆ ಪುಸ್ತಕ ತೆಗೀತಿದ್ದೆ?

ಅದಕ್ಕೇ ಇವು ಪ್ರಶ್ನೆ ಕೇಳುತ್ತಾ ಹೋಗುತ್ತವೆ. ಎಲೆಗಳು ಎದುರುಬದುರಾಗಿವೆಯೋ, ಒಂದಾದ ಮೇಲೊಂದು ಬಂದಿವೆಯೋ? ಬಿಡಿ ಎಲೆಯೋ, ಸಂಯುಕ್ತ ಎಲೆಯೋ? ನಾನು ಇಲ್ಲೇ ಫೇಲಾದೆ. ಎಲೆ ಅಂದರೆ ಯಾವುದು ಅನ್ನೋದೇ ನನಗೆ ಗೊತ್ತಿರಲಿಲ್ಲ! ನಾವು ಬೇವಿನ ಎಲೆ ಅನ್ನುವುದು ಪುಸ್ತಕದ ಪ್ರಕಾರ ಎಲೆಯ ಒಂದು ಚೂರು, ಕಿರುಎಲೆ. ಕಡ್ಡಿ ಸಮೇತ ಇಡೀ ಗರಿ ಸೇರಿ ಒಂದು ಎಲೆ. ಗುರುತು ಹಿಡಿಯುವುದು ಸುಲಭ. ಎಲೆ ಕೊಂಬೆಗೆ ಸೇರುವ ಸಂದಿಯಲ್ಲಿ ಪುಟ್ಟ ಮೊಗ್ಗು ಇರುತ್ತದೆ, ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಸೊಪ್ಪಿನವಳು ಕೊಟ್ಟ ಕರಿಬೇವಿನ ಕೊಂಬೆ ಹಿಡಿದು ನೋಡಿದೆ. ಒಗ್ಗರಣೆಗೆ 'ಒಂದು ಎಸಳು ಕರಿಬೇವು' ಅಂತೀವಲ್ಲ, ಆ ಎಸಳೇ ಒಂದು ಎಲೆ. ಅಡುಗೆಮನೆಯ ಲೆಕ್ಕವೂ ಸಸ್ಯಶಾಸ್ತ್ರದ ಲೆಕ್ಕವೂ ಒಂದೇ!

ನನ್ನದು ಚಿತ್ರ ಇರುವ ಪುಸ್ತಕ, ಪುಣ್ಯ. ಬ್ರಿಟಿಷ್ ಸಸ್ಯವಿಜ್ಞಾನಿ ಹೂಕರ್ ಸಾಹೇಬರ ಪುಸ್ತಕ ಹಾಗಿರಲಿಲ್ಲ. ಬ್ರಿಟಿಷ್ ಇಂಡಿಯಾದ ಗಿಡಮರಗಳ ಬಗ್ಗೆ 1872ರಿಂದ 1897ರವರೆಗೆ ಏಳು ಸಂಪುಟ ಬಂದವು, ಬರೀ ವಿವರಣೆ. ಅದಕ್ಕೂ ಇನ್ನೂರು ವರ್ಷ ಹಿಂದೆ ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ 'ಹೋರ್ಟಸ್ ಮಲಬಾರಿಕಸ್' ಮಾಡಿಸಿದ. 1678ರಿಂದ 1693ರವರೆಗೆ ಹನ್ನೆರಡು ಸಂಪುಟ, ಏಳುನೂರಕ್ಕೂ ಹೆಚ್ಚು ಚಿತ್ರಗಳು. ಅವನೂ ಮಾಡಿದ್ದು ಗೊತ್ತಿದ್ದವರನ್ನು ಕೇಳುವುದನ್ನೇ. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು, ಜೊತೆಗೆ ಮೂವರು ಕೊಂಕಣಿ ಪಂಡಿತರು ಹೇಳಿಕೊಟ್ಟರು.

ಸರಿ, ನಾನೂ ಕೇಳೋಣ ಅಂತ ಶಿರಸಿ ಕಡೆಯ ನಮ್ಮತ್ತೆಗೆ ಎಲೆಯ ಫೋಟೋ ಕಳಿಸಿದೆ. "ಹೊನ್ನೆ ಇದ್ದಂಗೆ ಕಾಣ್ತು" ಅಂದರು. ಖುಷಿಯಿಂದ ಪುಸ್ತಕ ತೆಗೆದರೆ ಹೊನ್ನೆ ಎರಡು! ಕರಾವಳಿಯಲ್ಲಿ ಹಿಂದೆ ದೀಪಕ್ಕೆ ಎಣ್ಣೆ ಕೊಡುತ್ತಿದ್ದ ಹೊನ್ನೆ ಒಂದು, ಸುರಹೊನ್ನೆ ಅಂತಲೂ ಅಂತಾರೆ. ಎಲೆ ದಪ್ಪ, ಹೊಳಪು, ನರಗಳು ಸಣ್ಣ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ. ಮಲೆನಾಡಿನ ಕಾಡಿನ ಹೊನ್ನೆಯೇ ಬೇರೆ. ಸಂಯುಕ್ತ ಎಲೆ, ತೊಗಟೆ ಕಡಿದರೆ ರಕ್ತದಂಥ ಅಂಟು, ಕಾಯಿಯ ಸುತ್ತ ರೆಕ್ಕೆ. ಎರಡಕ್ಕೂ ನೆಂಟಸ್ತಿಕೆಯೇ ಇಲ್ಲ. ಇಂಥ ಗೊಂದಲ ಬೇಡ ಅಂತಲೇ ಲ್ಯಾಟಿನ್ ಹೆಸರು ಇಟ್ಟರಂತೆ. ಹಾಗಂತ ಅದೂ ನಿಂತ ಕಡೆ ನಿಲ್ಲುವುದಿಲ್ಲ. ಹೊಂಗೆಯನ್ನೇ ನೋಡಿ: ಪೊಂಗಾಮಿಯಾ ಗ್ಲಾಬ್ರಾ, ಪೊಂಗಾಮಿಯಾ ಪಿನ್ನಾಟಾ, ಡೆರಿಸ್ ಇಂಡಿಕಾ, ಮಿಲೆಟಿಯಾ ಪಿನ್ನಾಟಾ. ಯುಗಾದಿಗೆ ಚಿಗುರುವ ಹೊಂಗೆಗೆ ಇದ್ಯಾವುದೂ ಗೊತ್ತಿಲ್ಲ ಬಿಡಿ.

ನಮ್ಮ ಗೇಟಿನ ಮರ ಈ ಎರಡು ಹೊನ್ನೆಯೂ ಅಲ್ಲ. ಬಿಡಿ ಎಲೆ, ಆದರೆ ಬಾಚಣಿಗೆ ನರ ಇಲ್ಲ. ಅತ್ತೆಗೆ ಹೇಳಿದರೆ "ಫೋಟೋದಲ್ಲಿ ಎಂಥ ಗೊತ್ತಾಗ್ತು? ಎಲೆ ತಿಕ್ಕಿ ಮೂಸಿ ನೋಡು" ಅಂದರು. ಮೂಸಿದೆ. ಎಲೆಯ ವಾಸನೆ ಬಂತು. ಪುಸ್ತಕದಲ್ಲಿ ಮುಂದಿನ ಪ್ರಶ್ನೆ, ಹೂವಿನ ಎಸಳು ಬಿಡಿಯೋ ಕೂಡಿದೆಯೋ ಅಂತ. ಹೂವೆಲ್ಲಿದೆ? ಪ್ರತಿ ವರ್ಷ ಮೊಗ್ಗು ಬರುವ ಹೊತ್ತಿಗೆ ಸರಿಯಾಗಿ, ತಂತಿಗೆ ತಾಗುತ್ತದೆ ಅಂತ ಏಣಿ ಹಾಕಿ ಕೊಂಬೆ ಸವರಿ ಹೋಗುತ್ತಾರೆ. ಈ ಸಲ ಒಂದು ಕೊಂಬೆ ನಮ್ಮ ಕಾಂಪೌಂಡಿನ ಒಳಗೆ ಬಾಗಿ ಬಚಾವಾಗಿದೆ. ತುದಿಯಲ್ಲಿ ಹಸಿರು ಗುಂಡಿಯಂಥವು ನಾಲ್ಕೈದು ಕಾಣುತ್ತಿವೆ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಕೆಳಗೆ ನಿಲ್ಲುತ್ತೇನೆ.