ಪೆಟ್ರೋಲಿಗೆ ಮೊಗೆಕಾಯಿ

ಪೆಟ್ರೋಲ್ ದರ ಏರಿದರೆ ಜನ ಗಾಡಿ ಓಡಿಸುವುದನ್ನು ಕಮ್ಮಿ ಮಾಡುತ್ತಾರೆ ಅಂತ ಅರ್ಥಶಾಸ್ತ್ರದವರು ಹೇಳುತ್ತಾರೆ. ಅವರ್ಯಾರೂ ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಸಂಸಾರ ಮಾಡಿದವರಲ್ಲ. ಇಲ್ಲಿ ಗುಡ್ಡಕ್ಕೊಂದು ಮನೆ. ಡೇರಿ ಒಂದು ದಿಕ್ಕು, ಸೊಸೈಟಿ ಇನ್ನೊಂದು ದಿಕ್ಕು. 2023ರಿಂದ ಹೆಂಗಸರಿಗೆ ಬಸ್ ಫ್ರೀ, ನಿಜ. ಆದರೆ ಅದು ಸರ್ಕಾರಿ ಬಸ್ಸಿನಲ್ಲಿ. ನಮ್ಮೂರಿಗೆ ಬರುವುದು ಖಾಸಗಿ ಬಸ್ಸು, ಅದೂ ಮನಸ್ಸಾದಾಗ. ಹಾಗಾಗಿ ದರ ಎಷ್ಟೇ ಆಗಲಿ, ಗಾಡಿ ಹೊರಡಲೇಬೇಕು. ಬದಲಾಗುವುದು ಒಳಗೆ ಯಾರ್ಯಾರು ಕೂರುತ್ತಾರೆ ಅನ್ನುವುದು ಮಾತ್ರ.

2021ರಲ್ಲಿ ಲೀಟರಿಗೆ ನೂರು ದಾಟಿತಲ್ಲ, ಅವತ್ತಿಂದ ನನ್ನ ಕಾರು ಊರಿನ ಆಸ್ತಿಯಾಯಿತು. ಮೊದಲೆಲ್ಲ ನಾನು ಶಿವಮೊಗ್ಗಕ್ಕೆ ಹೊರಟರೆ ನಾಯಿಯೂ ತಲೆ ಎತ್ತುತ್ತಿರಲಿಲ್ಲ. ಈಗ ಹಿಂದಿನ ರಾತ್ರಿಯೇ ಮೇಲಿನ ಮನೆ ಭಾವನ ಫೋನ್ ಬರುತ್ತದೆ.

"ನಾಳೆ ಶಿವಮೊಗ್ಗಕ್ಕಂತೆ? ಒಬ್ಬನೇ ಹೋಗೋದು ಎಂತಕ್ಕೆ ಮಾರಾಯ, ಸುಮ್ನೆ ಪೆಟ್ರೋಲ್ ದಂಡ."

ಬೆಳಿಗ್ಗೆ ಅಂಗಳದಲ್ಲಿ ಜಾತ್ರೆ. ಭಾವ ಅಡಿಕೆ ಸ್ಯಾಂಪಲ್ ಹಿಡಿದುಕೊಂಡು ಮುಂದಿನ ಸೀಟಿನಲ್ಲಿ. ಹಿಂದೆ ಕನ್ನಡಕ ಬದಲಿಸಬೇಕಾದ ದೊಡ್ಡಪ್ಪ, ಮದುವೆ ಜವಳಿಗೆ ಹೊರಟ ಅತ್ತಿಗೆ, ಹಾಸ್ಟೆಲಿಗೆ ವಾಪಸ್ ಹೋಗುವ ಅವರ ಮಗ. ಡಿಕ್ಕಿಯಲ್ಲಿ ರಿಪೇರಿಗೆ ಹೊರಟ ಕಳೆ ಕೊಚ್ಚುವ ಮಿಷನ್. ಶಿವಮೊಗ್ಗದಲ್ಲಿ ನನ್ನ ಕೆಲಸ ಇದ್ದದ್ದು ಬಿ.ಎಚ್. ರಸ್ತೆಯಲ್ಲಿ, ಹತ್ತು ನಿಮಿಷದ್ದು. ಕನ್ನಡಕ ದುರ್ಗಿಗುಡಿಯಲ್ಲಿ, ಜವಳಿ ಗಾಂಧಿ ಬಜಾರಿನಲ್ಲಿ, ಅಡಿಕೆ ಸಾಗರ ರಸ್ತೆಯ ಎಪಿಎಂಸಿಯಲ್ಲಿ, ಹುಡುಗನ ಹಾಸ್ಟೆಲ್ ಊರಾಚೆ. ಎಲ್ಲರನ್ನೂ ಇಳಿಸಿ, ಮತ್ತೆ ಅದೇ ದಾರಿಯಲ್ಲಿ ಹುಡುಗನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಹತ್ತಿಸಿಕೊಂಡೆ. ಪೆಟ್ರೋಲ್ ಉಳಿಸಲು ಹೋದವರು ಊರು ತಲುಪುವಾಗ ಮುಳ್ಳು ಕೆಂಪು ಗೆರೆಗೆ ತಾಗಿತ್ತು.

ದಾರಿಯಲ್ಲಿ ಮಾತೆಲ್ಲ ದರದ್ದೇ. ಮಂಡಗದ್ದೆ ದಾಟುವಷ್ಟರಲ್ಲಿ ದೊಡ್ಡಪ್ಪ ಅರಬ್ ದೇಶಗಳನ್ನು ಮುಗಿಸಿ ರಷ್ಯಾಕ್ಕೆ ಬಂದಿದ್ದರು. ನಮಗೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ರ ಮೇಲೆ ಹೊರಗಿನದು. ಡಾಲರ್ ಕೊಟ್ಟು ತರಬೇಕು. ಹಾಗಾಗಿ ಎಲ್ಲೋ ಯುದ್ಧವಾದರೂ ನಮ್ಮ ಟ್ಯಾಂಕಿಗೆ ತಾಗುತ್ತದೆ, ರೂಪಾಯಿ ಬಿದ್ದರೂ ತಾಗುತ್ತದೆ. ಇಷ್ಟಕ್ಕೆ ಎಲ್ಲರೂ ಒಪ್ಪಿದರು.

"ಹಂಗಾರೆ ಅಲ್ಲಿ ಇಳಿದಾಗ ಇಲ್ಲೂ ಇಳೀಬೇಕಲ್ವಾ?" ಅಂದರು ಅತ್ತಿಗೆ.

ಕಾರಿನಲ್ಲಿದ್ದ ಪಂಡಿತರೆಲ್ಲ ಗಪ್‌ಚುಪ್. 2020ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಕಚ್ಚಾತೈಲದ ವಾಯಿದೆ ದರ, ಅಂದರೆ ಮುಂದೆ ಕೊಡುವ ಮಾಲಿಗೆ ಈಗಲೇ ಕುದುರಿಸುವ ದರ, ಸೊನ್ನೆಗಿಂತ ಕೆಳಗೆ ಹೋಗಿತ್ತು. ತಗೊಂಡು ಹೋಗಿ, ಮೇಲೆ ದುಡ್ಡೂ ಕೊಡ್ತೀವಿ ಅನ್ನುವ ಸ್ಥಿತಿ. ಮರು ತಿಂಗಳೇ ಕೇಂದ್ರ ಪೆಟ್ರೋಲಿನ ತೆರಿಗೆಯನ್ನು ಲೀಟರಿಗೆ 10 ರೂಪಾಯಿ ಏರಿಸಿತು. ರಾಜ್ಯವೂ ಹಿಂದೆ ಬಿದ್ದಿಲ್ಲ. 2024ರ ಜೂನ್‌ನಲ್ಲಿ ಮಾರಾಟ ತೆರಿಗೆಯನ್ನು 25.92ರಿಂದ 29.84 ಪರ್ಸೆಂಟಿಗೆ ಒಯ್ದಿತು, ನಮಗೆ ಮೂರು ರೂಪಾಯಿ ಜಾಸ್ತಿ. ಪೆಟ್ರೋಲನ್ನು ಜಿಎಸ್‌ಟಿಗೆ ಸೇರಿಸಿ ಅಂದರೆ ಇಬ್ಬರಿಗೂ ಕಿವಿ ಕೇಳುವುದಿಲ್ಲ. ದರ ಅನ್ನುವುದು ತೋಟದ ಮಂಗನ ಹಾಗೆ. ಹತ್ತಲು ಒಂದು ನೆಪ ಸಾಕು, ಇಳಿಸಲು ಊರೇ ಬೊಬ್ಬೆ ಹೊಡೆಯಬೇಕು.

ಇಷ್ಟೆಲ್ಲ ಬೈದ ಭಾವ, ವಾಪಸ್ ಬರುವಾಗ ಅಡಿಕೆ ದರ ಏರಿದೆ ಅಂತ ಹಾಡು ಗುನುಗುತ್ತಿದ್ದರು. ನಮ್ಮಲ್ಲಿ ಅಡಿಕೆ ದರ ಏರಿದರೆ ಅದು ಮಾರ್ಕೆಟ್ಟು, ಪೆಟ್ರೋಲ್ ದರ ಏರಿದರೆ ಮೋಸ.

ಇನ್ನು ಖರ್ಚು ಹಂಚಿಕೊಳ್ಳುವ ವಿಷಯ. ಇಳಿಯುವಾಗ ಎಲ್ಲರೂ ಕೇಳುತ್ತಾರೆ, "ಪೆಟ್ರೋಲಿಗೆ ಎಷ್ಟಾಯ್ತು?" ಇದಕ್ಕೆ ಉತ್ತರ ಹೇಳುವ ಹಾಗಿಲ್ಲ. "ಅಯ್ಯೋ, ಬಿಡಿ" ಅನ್ನಬೇಕು. ಅವರು "ಛೆ, ಹಂಗಾಗೂದಿಲ್ಲ" ಅನ್ನಬೇಕು, ಆಮೇಲೆ ಹಂಗೇ ಆಗಬೇಕು. ಮರುದಿನ ಬೆಳಿಗ್ಗೆ ಜಗುಲಿಯ ಮೇಲೆ ಒಂದು ಮೊಗೆಕಾಯಿ, ಒಂದು ಕಟ್ಟು ಹಲಸಿನ ಹಪ್ಪಳ, ಅರ್ಧ ಗೊನೆ ಬಾಳೆ ಬಂದು ಕೂತಿರುತ್ತವೆ. ಮನೆಯಲ್ಲಿ ವಾರವಿಡೀ ಮೊಗೆಕಾಯಿ ಹುಳಿ. ಬಂಕಿನವರು ಯುಪಿಐ ತಗೊಳ್ಳುತ್ತಾರೆ, ಮೊಗೆಕಾಯಿಗೆ ಇನ್ನೂ ಸ್ಕ್ಯಾನರ್ ಇಟ್ಟಿಲ್ಲ.

ಭಾವನ ಉಳಿತಾಯ ಇಷ್ಟಕ್ಕೇ ನಿಲ್ಲುವುದಿಲ್ಲ. ಅವರು ಸ್ಟೇರಿಂಗ್ ಹಿಡಿದರೆ ಇಳಿಜಾರಿನಲ್ಲೆಲ್ಲ ನ್ಯೂಟ್ರಲ್. ಈಗಿನ ಕಾರಿನಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಜಿನ್‌ಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ನ್ಯೂಟ್ರಲ್ ಮಾಡಿದರೇ ಖರ್ಚು ಅಂತ ಮೆಕ್ಯಾನಿಕ್ ಅವರೆದುರೇ ಹೇಳಿದ. "ಅವನಿಗೆಂತ ಗೊತ್ತು" ಅಂದರು ಭಾವ. ಆಗುಂಬೆ ಘಾಟಿ ಇಳಿಯುವಾಗ ಬ್ರೇಕ್ ಒಂದನ್ನೇ ನಂಬಿಕೊಂಡು ಹೋದದ್ದಕ್ಕೆ ಸೋಮೇಶ್ವರದಲ್ಲಿ ಚಕ್ರದಿಂದ ಸುಟ್ಟ ವಾಸನೆ. ಹೊಸ ಬ್ರೇಕ್ ಪ್ಯಾಡಿನ ದುಡ್ಡಲ್ಲಿ ಎರಡು ಸಲ ಉಡುಪಿ ಕೃಷ್ಣನನ್ನು ನೋಡಿ ಬರಬಹುದಿತ್ತು.

ಕೊನೆಗೆ ಅವರು ಇದರ ಸಹವಾಸವೇ ಬೇಡ ಅಂತ ಎಲೆಕ್ಟ್ರಿಕ್ ಸ್ಕೂಟರ್ ತಂದರು. ಬೇಸಿಗೆಯಲ್ಲಿ ನನ್ನ ಮನೆ ಮುಂದೆ ಬೇಕಂತಲೇ ನಿಧಾನ ಓಡಿಸಿದರು. ಜೂನ್ ಬಂತು, ಮಳೆ ಬಂತು, ಲೈನಿನ ಮೇಲೆ ಮರ ಬಿತ್ತು. ನಾಲ್ಕು ದಿನ ಕರೆಂಟಿಲ್ಲ. ಐದನೇ ದಿನ ಫೋನ್.

"ಪಕ್ಕದೂರಿಂದ ಒಂದು ಜನರೇಟರ್ ಸಿಕ್ಕಿದೆ, ಸ್ಕೂಟರ್ ಚಾರ್ಜ್ ಮಾಡೂಕೆ. ನೀನು ಹೆಂಗೂ ಪೇಟೆಗೆ ಹೋಗ್ತೀಯಲ್ಲ, ಅದಕ್ಕೆ ಐದು ಲೀಟರ್ ಪೆಟ್ರೋಲ್ ಹಾಕಿಸ್ಕೊಂಡು ಬಾ."

ನನಗೆ ಪೇಟೆಯಲ್ಲಿ ಕೆಲಸವೇ ಇರಲಿಲ್ಲ.