ಹಡಗಿನ ಲಿಫ್ಟ್ ಅಳತೆ ಕೇಳದೆ ರಫೇಲ್ ಜಗಳ

ಫ್ರಾನ್ಸಿನ ರಫೇಲ್ ಯುದ್ಧವಿಮಾನ ಅಂದ ತಕ್ಷಣ ನಮ್ಮ ಮೈಸೂರಲ್ಲಿ ಎರಡು ಪಕ್ಷ ಆಗಿಬಿಡುತ್ತದೆ. 2019ರ ಚುನಾವಣೆ ಮುಗಿದು ಇಷ್ಟು ವರ್ಷ ಆಯಿತು. ಆದರೂ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಬರುವವರ ಮಧ್ಯೆ ಆ ಹೆಸರು ಬಿದ್ದರೆ ಸಾಕು, ಒಬ್ಬರು ಬೆಲೆ ಅನ್ನುತ್ತಾರೆ, ಇನ್ನೊಬ್ಬರು ಎಚ್‌ಎಎಲ್ ಅನ್ನುತ್ತಾರೆ, ಮತ್ತೊಬ್ಬರು ಸುಪ್ರೀಂ ಕೋರ್ಟ್ ಅನ್ನುತ್ತಾರೆ. ಅದೆಲ್ಲ ವಾಯುಪಡೆಗೆ ತಂದ 36 ವಿಮಾನಗಳ ಕಥೆ. 2025ರ ಏಪ್ರಿಲ್ 28ರಂದು ನೌಕಾಪಡೆಗೆ ಅಂತ ಹಡಗಿನಿಂದ ಹಾರುವ 26 ರಫೇಲ್-ಎಂ ಕೊಳ್ಳಲು ಸಹಿ ಬಿತ್ತಲ್ಲ, ಸುಮಾರು 64 ಸಾವಿರ ಕೋಟಿ ರೂಪಾಯಿ, ಅದರ ಬಗ್ಗೆ ಅಂಥ ಸದ್ದೇ ಆಗಲಿಲ್ಲ. ಪಹಲ್ಗಾಮ್ ದಾಳಿ ನಡೆದು ಆಗಿನ್ನೂ ಒಂದು ವಾರವೂ ಆಗಿರಲಿಲ್ಲ, ಜಗಳ ಆಡುವ ಮನಸ್ಸು ಯಾರಿಗಿತ್ತು ಹೇಳಿ. ಆದರೆ ನಿಜವಾಗಿ ಜಗಳ ಆಡಬೇಕಾಗಿದ್ದದ್ದು ಈ ವಿಷಯಕ್ಕೇ. ಅದೂ ಇಪ್ಪತ್ತು ವರ್ಷ ಮೊದಲೇ.

ಹಡಗಿನಿಂದ ಹಾರುವುದು ಎಂಥ ಕೆಲಸ ಅಂತ ಗೊತ್ತಾಗಬೇಕಾದರೆ ಮಂಡಕಳ್ಳಿ ನೆನಪಿಸಿಕೊಳ್ಳಿ. ನಮ್ಮ ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್. ಅದು ಸಾಲದು, ದೊಡ್ಡ ವಿಮಾನ ಬರುವುದಿಲ್ಲ ಅಂತ ವರ್ಷಗಟ್ಟಲೆ ಗೋಳಾಡುತ್ತಿದ್ದೇವೆ. ಐಎನ್‌ಎಸ್ ವಿಕ್ರಾಂತ್, ಅಂದರೆ ನಮ್ಮ ವಿಮಾನವಾಹಕ ಹಡಗು, ತುದಿಯಿಂದ ತುದಿಗೆ 262 ಮೀಟರ್. ಅದರಲ್ಲಿ ಓಡಲು ಸಿಗುವುದು ಇನ್ನೂ ಕಮ್ಮಿ. ಅಮೆರಿಕ, ಫ್ರಾನ್ಸ್ ಹಡಗುಗಳಲ್ಲಿ ವಿಮಾನವನ್ನು ಎಳೆದು ಎಸೆಯಲು ಕ್ಯಾಟಪಲ್ಟ್ ಇರುತ್ತದೆ. ನಮ್ಮ ಹಡಗುಗಳಲ್ಲಿ ಅದಿಲ್ಲ. ಮೂತಿಯ ಕಡೆ ಮೇಲಕ್ಕೆ ಬಾಗಿದ ಡೆಕ್ ಇದೆ, ಅದರ ಮೇಲೆ ಸ್ವಂತ ಎಂಜಿನ್ ಬಲದಲ್ಲಿ ಓಡಿ ಎಗರಬೇಕು. ಹಾಗಾಗಿ ಬಾಂಬು, ಇಂಧನ ಎಷ್ಟು ಹೊರಬಹುದು ಅನ್ನುವುದನ್ನು ಈ ಡೆಕ್ಕೇ ತೀರ್ಮಾನಿಸುತ್ತದೆ. ಇಳಿಯುವಾಗಿನ ಕಷ್ಟ ಇನ್ನೂ ಜಾಸ್ತಿ. ಬಾಲದ ಕೊಕ್ಕೆ ಡೆಕ್ ಮೇಲಿನ ಮೂರು ತಂತಿಗಳಲ್ಲಿ ಒಂದಕ್ಕೆ ಸಿಕ್ಕಿಕೊಳ್ಳಬೇಕು. ಚಕ್ರ ಡೆಕ್ಕಿಗೆ ಬಡಿದ ಕ್ಷಣ ಪೈಲಟ್ ಎಂಜಿನ್ ಇಳಿಸುವುದಿಲ್ಲ, ಪೂರ್ತಿ ಏರಿಸುತ್ತಾನೆ. ಕೊಕ್ಕೆ ತಪ್ಪಿದರೆ ಹಾಗೇ ಮತ್ತೆ ಹಾರಿ ಹೋಗಬೇಕಲ್ವಾ? ದಿನಾ ಈ ಪೆಟ್ಟು ತಿನ್ನುವ ವಿಮಾನದ ಮೈಕಟ್ಟೇ ಬೇರೆ ಇರಬೇಕು.

ಈಗ ನಮ್ಮ ನೌಕಾಪಡೆ ಹತ್ತಿರ ಇರುವ ರಷ್ಯಾದ ಮಿಗ್-29ಕೆ ವಿಷಯ. 1989ರ ನವೆಂಬರ್ 1ರಂದು ಸೋವಿಯತ್ ಹಡಗೊಂದರ ಮೇಲೆ ಒಂದೇ ದಿನ ಸುಖೋಯ್ ಮತ್ತು ಮಿಗ್ ಎರಡೂ ಇಳಿದವು. ಪೈಪೋಟಿಯಲ್ಲಿ ಗೆದ್ದದ್ದು ಸುಖೋಯ್. ಸೋವಿಯತ್ ಒಕ್ಕೂಟ ಒಡೆಯಿತು, ದುಡ್ಡೂ ಮುಗಿಯಿತು, ಮಿಗ್-29ಕೆ ಮೂಲೆ ಸೇರಿತು. ಅದನ್ನು ಮೂಲೆಯಿಂದ ಎತ್ತಿ ನಿಲ್ಲಿಸಿದ್ದು ನಮ್ಮ ದುಡ್ಡು. 2004ರ ಜನವರಿಯಲ್ಲಿ ವಾಜಪೇಯಿ ಸರ್ಕಾರ ರಷ್ಯಾದ ಹಳೇ ವಿಮಾನವಾಹಕ ಗೋರ್ಷ್ಕೋವ್ ಹಡಗಿನ ಜೊತೆ 16 ಮಿಗ್‌ಗಳಿಗೆ ಸಹಿ ಹಾಕಿತು. 2010ರಲ್ಲಿ ಮನಮೋಹನ್ ಸಿಂಗ್ ಸರ್ಕಾರ ಇನ್ನೂ 29 ತರಿಸಿತು. ಎರಡೂ ಪಕ್ಷಗಳ ಕೈ ಇದೆ ಇದರಲ್ಲಿ, ಯಾರೂ ಎದೆ ತಟ್ಟಿಕೊಳ್ಳಬೇಕಿಲ್ಲ. ಆಮೇಲೆ ರಷ್ಯಾ ತನ್ನ ನೌಕಾಪಡೆಗೂ ಅದನ್ನೇ ತೆಗೆದುಕೊಂಡಿತು. ಬೆಳೆಸಿದ ಖರ್ಚು ನಮ್ಮದು, ಪ್ರಯೋಗದ ಫಜೀತಿಯೂ ನಮ್ಮದೇ. 2016ರ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಸಂಸ್ಥೆ) ವರದಿ ಓದಿದರೆ ತಲೆ ಬಿಸಿಯಾಗುತ್ತದೆ. ಬಂದ 65 ಎಂಜಿನ್‌ಗಳಲ್ಲಿ 40ನ್ನು ದೋಷದಿಂದಾಗಿ ಪಕ್ಕಕ್ಕೆ ಇಡಬೇಕಾಯಿತು. ಹಾರಲು ತಯಾರಿದ್ದ ವಿಮಾನಗಳ ಪ್ರಮಾಣ ಶೇ. 16ರಿಂದ 38ರ ಆಸುಪಾಸು. ಗೋರ್ಷ್ಕೋವ್ ರಿಪೇರಿ ಖರ್ಚು ಸುಮಾರು 97 ಕೋಟಿ ಡಾಲರ್‌ನಿಂದ 235 ಕೋಟಿಗೆ ಏರಿದ್ದು ಬೇರೆ ಕಥೆ. ಅದೇ ಹಡಗು ಇವತ್ತು ಕಾರವಾರದಲ್ಲಿ ನಮ್ಮ ವಿಕ್ರಮಾದಿತ್ಯ.

ಇಷ್ಟೆಲ್ಲ ಆಗುತ್ತಿದ್ದಾಗಲೇ ಕೊಚ್ಚಿಯಲ್ಲಿ ವಿಕ್ರಾಂತ್ ಕಟ್ಟುತ್ತಿದ್ದರು. ವಿಮಾನಗಳನ್ನು ಡೆಕ್‌ನಿಂದ ಕೆಳಗಿನ ಹ್ಯಾಂಗರ್‌ಗೆ ಇಳಿಸುವ ಲಿಫ್ಟ್‌ನ ಅಗಲ ಸುಮಾರು 10 ಮೀಟರ್. ರೆಕ್ಕೆ ಮಡಚಿದ ಮಿಗ್ 8 ಮೀಟರ್ ಒಳಗೇ ಇರುತ್ತದೆ, ಸಲೀಸಾಗಿ ಇಳಿಯುತ್ತದೆ. ಆ ಮಿಗ್ ಕೈಕೊಟ್ಟರೆ ಏನು ಗತಿ ಅಂತ ಯಾರೂ ಯೋಚಿಸಿದಂತಿಲ್ಲ. 2017ರಲ್ಲಿ ನೌಕಾಪಡೆ ಹೊಸದಾಗಿ 57 ವಿಮಾನ ಬೇಕು ಅಂದಾಗ ಕೊನೆಗೆ ಕಣದಲ್ಲಿ ಉಳಿದದ್ದು ಎರಡು, ಫ್ರಾನ್ಸಿನ ರಫೇಲ್-ಎಂ ಮತ್ತು ಅಮೆರಿಕದ ಸೂಪರ್ ಹಾರ್ನೆಟ್. 2022ರಲ್ಲಿ ಎರಡೂ ಗೋವಾಕ್ಕೆ ಬಂದು ಅಲ್ಲಿ ನೆಲದ ಮೇಲಿರುವ, ಹಡಗಿನ ಡೆಕ್ ಥರ ಬಾಗಿದ ಪಟ್ಟಿಯಿಂದ ಎಗರಿ ತೋರಿಸಿದವು. ಹಾರ್ನೆಟ್ ರೆಕ್ಕೆ ಮಡಚಿದರೆ 10 ಮೀಟರ್ ಒಳಗೆ ಬರುತ್ತದೆ. ರಫೇಲ್ 10.9 ಮೀಟರ್, ರೆಕ್ಕೆ ಮಡಚುವುದೇ ಇಲ್ಲ.

ನಮ್ಮ ವಾಕಿಂಗ್ ಗುಂಪಿನಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರಿದ್ದಾರೆ. ಜಾಸ್ತಿ ಮಾತಿಲ್ಲ. ಎಲ್ಲರ ರಾಡಾರ್, ಕ್ಷಿಪಣಿ ಭಾಷಣ ಮುಗಿಯುವವರೆಗೂ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: "ಎಲ್ಲಾ ಸರಿ, ಅದನ್ನ ಕೆಳಗಡೆ ಇಳ್ಸೋದು ಹೆಂಗೆ?" ಟಿವಿಯಲ್ಲಿ ಕೂರುವ ಒಬ್ಬ ನಿರೂಪಕನೂ ಇದನ್ನು ಕೇಳಿದ್ದು ನಾನು ನೋಡಿಲ್ಲ.

ಫ್ರಾನ್ಸಿನವರದ್ದು ನೋಡಿ. ಯುರೋಪಿನವರೆಲ್ಲ ಸೇರಿ ಒಂದೇ ವಿಮಾನ ಮಾಡೋಣ ಅಂದಾಗ 1985ರಲ್ಲಿ ಅವರು ಹೊರಗೆ ಬಂದರು. ಹಡಗಿನ ಮೇಲೂ ಇಳಿಯುವ, ಭಾರ ಕಮ್ಮಿ ಇರುವ ವಿಮಾನ ಬೇಕು ಅನ್ನುವುದು ಒಂದು ಮುಖ್ಯ ಕಾರಣ. ಅವರ ನೌಕಾಪಡೆಗೇ ಆಗ ಅಮೆರಿಕದ ಹಾರ್ನೆಟ್ ಕೊಳ್ಳುವ ಆಸೆ ಇತ್ತು, ಸರ್ಕಾರ ಕೇಳಲಿಲ್ಲ. 1991ರಲ್ಲಿ ರಫೇಲ್-ಎಂ ಹಾರಿತು. ಹಡಗು ಮತ್ತು ವಿಮಾನ ಎರಡೂ ಒಂದೇ ಕಾಲದಲ್ಲಿ, ಒಂದೇ ಮನೆಯಲ್ಲಿ ಬೆಳೆದವು. ನಮ್ಮದು ಒಂದು ಹಡಗು ರಷ್ಯಾದ್ದು, ಒಂದು ಕೊಚ್ಚಿಯದ್ದು, ವಿಮಾನ ಒಮ್ಮೆ ಮಾಸ್ಕೋದಿಂದ, ಒಮ್ಮೆ ಪ್ಯಾರಿಸ್‌ನಿಂದ.

ಹಾಗಾದರೆ ಹಾರ್ನೆಟ್ ತೆಗೆದುಕೊಳ್ಳಬೇಕಿತ್ತಾ? ಇಲ್ಲ. ಬೈದರೂ ಪರವಾಗಿಲ್ಲ, ರಫೇಲ್ ಆಯ್ಕೆ ಸರಿ ಅಂತಲೇ ನಾನು ಹೇಳುವುದು. ವಾಯುಪಡೆಯಲ್ಲಿ ಆಗಲೇ 36 ಇವೆ, ಬಿಡಿಭಾಗ, ತರಬೇತಿ, ಆಯುಧ ಎಲ್ಲ ಹಂಚಿಕೊಳ್ಳಬಹುದು. ಬೋಯಿಂಗ್‌ನವರು 2023ರ ಫೆಬ್ರುವರಿಯಲ್ಲೇ ಸೂಪರ್ ಹಾರ್ನೆಟ್ ತಯಾರಿಕೆ ನಿಲ್ಲಿಸುವ ಮಾತಾಡಿದರು. ಇನ್ನು ಅಮೆರಿಕದ ಎಂಜಿನ್ ಕಾಯುತ್ತಾ ನಮ್ಮ ತೇಜಸ್ ಎಷ್ಟು ದಿನ ಬೆಂಗಳೂರಲ್ಲಿ ನಿಂತಿತ್ತು ಅನ್ನುವುದು ಗೊತ್ತಿರುವುದೇ. ಆದರೆ 26ರಲ್ಲಿ 4 ಎರಡು ಸೀಟಿನವು, ಅವು ಹಡಗಿಗೆ ಇಳಿಯುವುದೇ ಇಲ್ಲ. ಹಾರ್ನೆಟ್ ಆಗಿದ್ದರೆ ಎರಡು ಸೀಟಿನದ್ದೂ ಇಳಿಯುತ್ತಿತ್ತು. ಉಳಿದ 22 ಎರಡು ಹಡಗಿಗೆ ಸಾಕಾ? ಇನ್ನು ರಕ್ಷಣಾ ಖರೀದಿ ಮಂಡಳಿ ಇದಕ್ಕೆ ಒಪ್ಪಿಗೆ ಕೊಟ್ಟ ದಿನ 2023ರ ಜುಲೈ 13. ಮಾರನೇ ದಿನ ನಮ್ಮ ಪ್ರಧಾನಿ ಪ್ಯಾರಿಸ್ ಪರೇಡ್‌ಗೆ ಮುಖ್ಯ ಅತಿಥಿ. ಸುಮ್ನೆ ಕಾಕತಾಳೀಯ ಅಂದರೆ ನಾನಂತೂ ನಂಬುವುದಿಲ್ಲ.

ನನ್ನ ಹೊಟ್ಟೆಯುರಿ ಇರುವುದು ನೌಕಾ ತೇಜಸ್ ವಿಷಯದಲ್ಲಿ. 2012ರಲ್ಲಿ ಬೆಂಗಳೂರಲ್ಲಿ ಮೊದಲ ಸಲ ಹಾರಿತು. 2016ರಲ್ಲಿ ನೌಕಾಪಡೆ ಭಾರ ಜಾಸ್ತಿ, ಒಂದೇ ಎಂಜಿನ್ ಸಾಲದು ಅಂತ ಬೇಡ ಅಂದಿತು. ತಪ್ಪಲ್ಲ, ಲೆಕ್ಕ ಹಾಗೇ ಇತ್ತು. ಅದೇ ವಿಮಾನ 2020ರ ಜನವರಿ 11ರಂದು ವಿಕ್ರಮಾದಿತ್ಯದ ತಂತಿಗೆ ಕೊಕ್ಕೆ ಹಾಕಿ ನಿಂತಿತು, 2023ರಲ್ಲಿ ವಿಕ್ರಾಂತ್ ಮೇಲೂ ಇಳಿಯಿತು. ಅದರಿಂದ ಕಲಿತದ್ದನ್ನು ಹಾಕಿ, ತೇಜಸ್ ವಿನ್ಯಾಸ ಮಾಡಿದ ಬೆಂಗಳೂರಿನ ಎಡಿಎ ಎರಡು ಎಂಜಿನ್‌ನ, ರೆಕ್ಕೆ ಮಡಚುವ ವಿಮಾನದ ನಕ್ಷೆ ಮಾಡುತ್ತಿದೆ. ಈ ಸಲ ನಮ್ಮ ಲಿಫ್ಟ್ ನೋಡಿಕೊಂಡೇ ಮಾಡುತ್ತಿದ್ದಾರೆ.

ರಫೇಲ್‌ನ ಮೈ ತಯಾರಿಸುವ ಕೆಲಸ ಹೈದರಾಬಾದ್‌ನ ಟಾಟಾ ಪಾಲಾಯಿತು, ಬೆಂಗಳೂರಿಗೆ ಸಿಗಲಿಲ್ಲ ಅಂತ ಕೊರಗುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಬೆಂಗಳೂರಲ್ಲೇ ಕೂತಿರುವ ಆ ಎರಡು ಎಂಜಿನ್ ವಿಮಾನಕ್ಕೆ ದುಡ್ಡು ಯಾವಾಗ ಕೊಡುತ್ತೀರಿ ಅಂತ ಮೈಸೂರಲ್ಲಾಗಲಿ ಮಂಡ್ಯದಲ್ಲಾಗಲಿ ಓಟು ಕೇಳಲು ಬಂದವರನ್ನು ಯಾರೂ ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಮುಂದಿನ ಸಲ ನಾನಂತೂ ಕೇಳುತ್ತೇನೆ.