ಹಣ ಪಹಣಿಗೆ, ಬೆವರು ಇನ್ನೊಬ್ಬರದು

ಸಿಂಧನೂರು ತಾಲ್ಲೂಕಿನ ನಮ್ಮೂರಿನ ಹತ್ತಿರದ ಕಚೇರಿಯೊಂದರಲ್ಲಿ ಇವತ್ತು ಕಂಡದ್ದನ್ನು ನೆನೆದರೆ ಇನ್ನೂ ಹೊಟ್ಟೆ ಉರಿಯುತ್ತಿದೆ. ಮಳೆಗೆ ನೆಲಕಚ್ಚಿದ ಭತ್ತಕ್ಕೆ ಪರಿಹಾರ ಕೇಳಲು, ನಮ್ಮ ಗದ್ದೆಯನ್ನು ಹನ್ನೊಂದು ವರ್ಷದಿಂದ ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿರುವ, ನಾನು ಕಾಕಾ ಎಂದೇ ಕರೆಯುವ ಹಿರಿಯರೊಂದಿಗೆ ಹೋಗಿದ್ದೆ. ಅಲ್ಲಿದ್ದ ನೌಕರ ತಲೆ ಎತ್ತದೆ, “ಪಹಣಿ ಯಾರ ಹೆಸರಿಗೈತಿ? ಅವ್ರು ಮುಂದ ಬರ್ಲಿ” ಎಂದರು. ಅರವತ್ತು ದಾಟಿದ ಕಾಕಾ ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು.

ಪಹಣಿ, ಅಂದರೆ ಜಮೀನಿನ ದಾಖಲೆ, ನನ್ನ ಹೆಸರಿಗಿದೆ. ನಾನು ರಾಯಚೂರಿನಲ್ಲಿ ಖಾಸಗಿ ಶಾಲೆಯ ಮಾಸ್ತರನೆಂಬುದು, ಸಸಿ ನಾಟಿ ಮಾಡಿದವನಲ್ಲವೆಂಬುದು ನಿಮಗೆಲ್ಲ ಗೊತ್ತು. ಆದರೂ 2019ರಿಂದ ರೈತರಿಗೆಂದು ಕೇಂದ್ರ ಸರ್ಕಾರ ನಡೆಸುವ ಪಿಎಂ ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ, ಮೂರು ಕಂತಿನಲ್ಲಿ, ನನ್ನ ಖಾತೆಗೇ ಬೀಳುತ್ತಿದೆ. ರಾಜ್ಯ ಸರ್ಕಾರ ಸೇರಿಸುತ್ತಿದ್ದ 4,000 ರೂಪಾಯಿಯನ್ನೂ ಅದು ನಿಲ್ಲುವವರೆಗೆ ನಾನೇ ಪಡೆದಿದ್ದೇನೆ. ಈಗ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿಯ ದರದಲ್ಲಿ ಪರಿಹಾರ ಬಂದರೆ, ನಾಲ್ಕು ಎಕರೆಗೆ ಸುಮಾರು 27,500 ರೂಪಾಯಿಯೂ ನನಗೇ ಬರುತ್ತದೆ. ಗೊಬ್ಬರದ ಸಾಲ ಕಾಕಾ ಅವರದು, ಡೀಸೆಲ್ ಅವರದು, ಕೂಲಿಯೂ ಅವರದು. ಇಷ್ಟು ವರ್ಷ ಆ ಹಣವನ್ನು ನಾನು ಸುಮ್ಮನೆ ಖರ್ಚು ಮಾಡಿದ್ದೇನೆ ಎಂದು ಹೇಳಲು ನಾಚಿಕೆಯಾಗುತ್ತದೆ.

ಪಿಎಂ ಕಿಸಾನ್ ನಿಯಮದಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ, ವೃತ್ತಿಯಲ್ಲಿರುವ ವೈದ್ಯರಿಗೆ, ವಕೀಲರಿಗೆ, ತಿಂಗಳಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಪಿಂಚಣಿ ಪಡೆಯುವ ಬಹುತೇಕರಿಗೆ ಹಣವಿಲ್ಲ. ಆದರೆ ಈ ನೆಲವನ್ನು ಉಳುವವರು ನೀವೇನಾ ಎಂಬ ಪ್ರಶ್ನೆಯನ್ನು ಮಾತ್ರ ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ.

ಕೇಳುವುದಾದರೂ ಹೇಗೆ? ಕರ್ನಾಟಕದ ಭೂಸುಧಾರಣಾ ಕಾಯ್ದೆಯ ಪ್ರಕಾರ, 1974ರ ತಿದ್ದುಪಡಿಯ ನಂತರ, ಸೈನಿಕರಂಥ ಕೆಲವರನ್ನು ಬಿಟ್ಟರೆ ಯಾರೂ ಕೃಷಿ ಭೂಮಿಯನ್ನು ಗೇಣಿಗೆ ಕೊಡುವಂತಿಲ್ಲ. ಉಳುವವನನ್ನೇ ಒಡೆಯನನ್ನಾಗಿ ಮಾಡಿದ ಆ ಕಾಯ್ದೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ತುಂಗಭದ್ರಾ ಕಾಲುವೆಯ ಕೆಳಗೆ ಬಾಯಿಮಾತಿನ ಲಾವಣಿ ಊರೂರಲ್ಲಿ ನಡೆಯುತ್ತಿದೆ, ಕಾಗದದಲ್ಲಿ ಮಾತ್ರ ಅದು ಇಲ್ಲ. ಹಾಗಾಗಿ ಕಾಕಾ ಕೂಡ ಕಾಗದದಲ್ಲಿ ಇಲ್ಲ.

ಲಾವಣಿ ಮಾಡುವವರ ಹೆಸರು ದಾಖಲೆಗೆ ಹತ್ತಿದರೆ ಭೂಮಿ ಕೈಬಿಟ್ಟೀತು ಎಂದು ನನ್ನ ಬಂಧುಗಳು ಹೇಳುತ್ತಾರೆ. ತುಂಗಭದ್ರೆಯ ಆಚೆ ದಡದ ಆಂಧ್ರದಲ್ಲಿ 2019ರಲ್ಲೇ, ಒಡೆತನಕ್ಕೆ ಧಕ್ಕೆಯಾಗದಂತೆ, ಹನ್ನೊಂದು ತಿಂಗಳ ಒಪ್ಪಂದದ ಮೇಲೆ ಸಾಗುವಳಿದಾರರಿಗೆ ಕಾರ್ಡ್ ಕೊಡುವ ಕಾನೂನು ಬಂತು. ರೈತರಿಗೆ ನೆರವು ಕೊಡುವ ಒಡಿಶಾದ ಕಾಲಿಯಾ ಯೋಜನೆಯಲ್ಲಿ ಪಾಲಿಗೆ ಮಾಡುವವರನ್ನೂ ಸೇರಿಸಿದರು. ಅಲ್ಲಿ ಸಾಧ್ಯವಾದದ್ದು ನಮ್ಮಲ್ಲಿ ಅಸಾಧ್ಯವೆಂಬುದನ್ನು ನಾನು ಒಪ್ಪುವುದಿಲ್ಲ. ಕಾಕಾ ಕೊಡುವ ಲಾವಣಿಯ ಮೊತ್ತವನ್ನು ನಾನು ಕಡಿಮೆ ಮಾಡಿಕೊಂಡರೆ ಸಾಕೆನ್ನುವವರಿಗೆ ನನ್ನ ಉತ್ತರ: ಸರ್ಕಾರ ಬೆಳೆಗಾರರಿಗೆಂದು ಕೊಡುವ ಹಣಕ್ಕಾಗಿ ಅವರು ನನ್ನ ದಯೆಯನ್ನು ಏಕೆ ಕಾಯಬೇಕು?

ಪರಿಹಾರ ಬಂದ ದಿನವೇ ಪೂರ್ತಿ ಹಣವನ್ನು ನಿಮಗೆ ತಂದುಕೊಡುತ್ತೇನೆ ಎಂದು ಬಸ್ ನಿಲ್ದಾಣದಲ್ಲಿ ಕಾಕಾ ಅವರಿಗೆ ಹೇಳಿದೆ. ಅವರು ಹಣದ ಮಾತನ್ನೇ ಎತ್ತಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ, ಮುಂದಿನ ವರ್ಷನೂ ಗದ್ದಿ ನನಗ ಕೊಡ್ತೀರಲ್ರೀ?” ಎಂದು ಕೇಳಿದರು.